ಫುಪ್ಪುಸ ಒಡದವರ್ಯಾರು?

ಬೇಡಗದ ಒಂದು ಎಲೆಬಳ್ಳಿ ತೋಟದ ಮನೆ. ಮಾಮಾ ಮಿರಜಿನ ದವಾಖಾನೆಯೊಂದರಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ ಮಾಡಿ ನಿವೃತ್ತರಾದವರು. ಅಳಿಯ ಒಕ್ಕಲುತನದವನು. 2021ರ ಎರಡನೇ ಅಲೆಯಲ್ಲಿ ಅವನ ತಂದೆಗೆ ಕೋವಿಡ್ ನ್ಯುಮೋನಿಯಾ ಆಗಿ, ಎಡ ಶ್ವಾಸಕೋಶ ಕುಸಿದು, ವಾರಗಟ್ಟಲೆ ಎದೆಯಲ್ಲಿ ನಳಿಗೆ ಇತ್ತು. ಈಗ ಆರಾಮಿದ್ದಾರೆ.

ಅಳಿಯ: ಮಂದಿ ಇನ್ನೂ ಆ ಮಾತು ಬಿಟ್ಟಿಲ್ರಿ ಮಾಮಾ. ಮೊನ್ನಿ ಸಂತ್ಯಾಗ ಒಬ್ಬಾಂವ ಅಂದ, "ನಿಮ್ಮಪ್ಪನ ಫುಪ್ಪುಸ ಕರೋನಾ ಒಡದಿಲ್ಲೋ, ಮಷಿನ್ ಒಡದೈತಿ. ಹವಾ ಜೋರ್ ಬಿಟ್ರು, ಒಡೀತು."

ಮಾಮಾ: ನೀ ಏನಂದಿ?

ಅಳಿಯ: ನಾ ಏನ್ ಅನ್ನಲ್ರಿ? ಆ ಮಷಿನ್ ಹಚ್ಚಾಕ ಸಹಿ ಹಾಕಿದಾಂವ ನಾನ. ಸುಮ್ಕ ಬಂದೆ.

ಮಾಮಾ: ಹಂಗಾರ ಒಂದ್ ಕೇಳ್ತೀನಿ. ಹಚ್ಚಿದ್ದು ಯಾವ ಮಷಿನ್? ಗಂಟಲದಾಗ ನಳಿಗಿ ಇಳಿಸಿದ್ರೋ, ಮಾರಿಗೆ ಗಟ್ಟಿ ಮಾಸ್ಕ್ ಕಟ್ಟಿದ್ರೋ?

ಅಳಿಯ: ಮಾಸ್ಕ್ ರೀ. ಬೈಪ್ಯಾಪ್ ಅಂತಿದ್ರು.

ಮಾಮಾ: ಒಡದದ್ದು ಯಾವಾಗ?

ಅಳಿಯ: ಅದ ನೋಡ್ರಿ ನನಗ ತಿಳೀದ್ದು. ಜ್ವರ ಬಿಟ್ಟಿತ್ತು. ಮಾಸ್ಕ್ ತಗದು ಬರೇ ಆಕ್ಸಿಜನ್ ಮ್ಯಾಲ ಇಟ್ಟಿದ್ರು. ಮುಂಜಾನಿ ಫೋನ್‌ನಾಗ ಅಪ್ಪ "ಗಂಜಿ ಕುಡದ್ನಿ, ಇನ್ನ ಮನಿಗೆ ಬರ್ತೀನಿ" ಅಂದಿದ್ದ. ಮಧ್ಯಾಹ್ನ ಕೆಮ್ಮು ಬಂತಂತ. ಕೆಮ್ಮತ ಕೆಮ್ಮತ ಎಡಕ ಚೂರಿ ಹಾಕಿದಂಗ ನೋವು, ಆಮ್ಯಾಲ ಉಸರ ಸಿಗವಲ್ದು. ಬಟ್ಟಿನ ಮಷಿನ್‌ನಾಗ 94 ಇದ್ದದ್ದು 78ಕ್ಕ ಬಂತು ಅಂತ ಸಿಸ್ಟರ್ ಹೇಳಿದ್ರು.

ಮಾಮಾ: ಅಂದ್ರ ಮಷಿನ್ ತಗದ ಮ್ಯಾಲ ಒಡದೈತಿ. ಇದನ್ನ ಸಂತ್ಯಾಗ ಯಾಕ ಹೇಳಲಿಲ್ಲ?

ಅಳಿಯ: ಮಷಿನ್ ಮೊದಲ ಹಾಳ ಮಾಡಿಟ್ಟಿತ್ತು, ಆಮ್ಯಾಲ ಒಡೀತು ಅಂದ್ರ?

ಮಾಮಾ: ಅನ್ನಬಹುದು. ಅದನ್ನ ನಾ ಪೂರ್ತಿ ತಳ್ಳಿಹಾಕೂದಿಲ್ಲ. ಮಷಿನ್ ಪಾಪ ಏನೂ ಮಾಡಿಲ್ಲ ಅಂತ ಹೇಳಾಕ ನಾ ಕುಂತಿಲ್ಲ. ಆದ್ರ ಮೊದಲ ಫುಪ್ಪುಸ ಕುಸಿಯೂದು ಅಂದ್ರ ಏನು, ಅದನ್ನ ತಿಳಕೋ. ಫುಪ್ಪುಸ ತಾನಾಗಿ ಹಿಗ್ಗೂ ಅಂಗ ಅಲ್ಲ. ಅದರ ಗುಣ ಕುಗ್ಗೂದು. ಎದಿ ಗೂಡಿನ ಒಳಮೈಗೆ ಒಂದ್ ತೆಳು ಪದರು, ಫುಪ್ಪುಸದ ಮ್ಯಾಲ ಒಂದ್ ತೆಳು ಪದರು, ನಡಕ ಒಂದೆರಡ ಚಮಚಾ ನೀರಿನ ಪಸಿ. ಅಲ್ಲಿ ಒತ್ತಡ ಹೊರಗಿನ ಹವಾಕ್ಕಿಂತ ಚೂರ ಕಡಿಮಿ ಇರತೈತಿ, ನೀರಿನ ಅಳತಿಯೊಳಗ ಐದ ಸೆಂಟಿಮೀಟರಿನ ಆಸುಪಾಸು. ಅಷ್ಟ ಜಗ್ಗಿನ ಮ್ಯಾಲ ಫುಪ್ಪುಸ ಗೂಡಿಗೆ ಹತ್ತಿ ಹಿಗ್ಗಿ ನಿಂತಿರತೈತಿ. ಆ ನಡಕಿನ ಜಾಗಾಕ್ಕ ಹವಾ ಹೊಕ್ಕಿತು ಅಂದ್ರ ಜಗ್ಗು ಹೋತು. ಫುಪ್ಪುಸ ತನ್ನ ಗುಣಕ್ಕ ಹೋಗಿ ಮುದುಡಿ ಕುಂಡರತೈತಿ. ಇದಕ್ಕ ಡಾಕ್ಟರು ನ್ಯುಮೊಥೊರ್ಯಾಕ್ಸ್ ಅಂತಾರ.

ಅಳಿಯ: ಅಲ್ಲಿಗೆ ಹವಾ ಎಲ್ಲಿಂದ ಬಂತ್ರಿ? ಅಪ್ಪಗ ಹೊರಗಿಂದ ಏನೂ ಚುಚ್ಚಿರಲಿಲ್ಲ.

ಮಾಮಾ: ಒಳಗಿಂದ. ಫುಪ್ಪುಸದಾಗ 30 ಕೋಟಿಗೂ ಮಿಕ್ಕಿ ಸಣ್ಣ ಸಣ್ಣ ಹವಾದ ಕೋಣಿ ಅದಾವು, ಕಣ್ಣಿಗೆ ಕಾಣೂದಿಲ್ಲ. ವೈರಸ್ ನ್ಯುಮೋನಿಯಾ ಹೆಚ್ಚಾತು ಅಂದ್ರ ಅವುಗಳ ಗ್ವಾಡಿ ಉರಿದು ಹಣ್ಣಾಗತೈತಿ, ಒಳಗ ನೀರು, ಸತ್ತ ಜೀವಕೋಶ, ಗಟ್ಟಿ ಪರಿ ತುಂಬತೈತಿ. ಕೆಲವು ಮುಚ್ಚತಾವು, ಕೆಲವು ಅರ್ಧಾ ತೆರದಿರತಾವು, ಕೆಲವು ಚಲೋ ಇರತಾವು. ಇಟಲಿಯ ಗಟ್ಟಿನೋನಿ ಅನ್ನೂ ಡಾಕ್ಟರು 1980ರ ದಶಕದಾಗ ಇಂಥಾ ರೋಗಿಗಳದ್ದು ಸಿ.ಟಿ. ಸ್ಕ್ಯಾನ್ ತಗದು ನೋಡಿದ್ರು. ದೊಡ್ಡ ಮನಿಷ್ಯಾನ ಎದಿಯೊಳಗ ಹವಾ ಆಡೂ ಫುಪ್ಪುಸ ಐದಾರು ವರ್ಷದ ಹುಡುಗಂದಷ್ಟ ಉಳಿದಿತ್ತು. ನಿಮಗ ಮ್ಹೈಸಾಳ ನೀರು ಬಂದ ಮ್ಯಾಲ ಎಲ್ಲಾರೂ ಡ್ರಿಪ್ ಹಾಕೀರಲ್ಲ? ಅರ್ಧಕ್ಕರ್ಧ ಲ್ಯಾಟರಲ್ ಕಟ್ಟಿ ನೀರು ಹಾಯೂದ ನಿಂತೈತಿ ಅಂತ ತಿಳಿ. ಮೋಟರ್ ಮಾತ್ರ ಮೊದಲಿನಷ್ಟ ಜೋರಾಗಿ ಹೊಡೀತೈತಿ. ಉಳಿದ ಪೈಪಿಗೆ ಏನಾಗತೈತಿ?

ಅಳಿಯ: ಜಾಯಿಂಟ್ ಕಿತ್ತ ಹೋಗತೈತ್ರಿ.

ಮಾಮಾ: ಎಲ್ಲಿ ಸವದಿರತೈತೋ ಅಲ್ಲಿ. ಚಲೋ ಇದ್ದ ಕೋಣಿಗೆ ಎರಡರ ಪಾಲಿನ ಹವಾ ಬೀಳತೈತಿ, ಮಗ್ಗಲಿನ ಗ್ವಾಡಿ ರೋಗದ್ದು. ಹರೀತೈತಿ. ಈಗ ಹೇಳು, ಮೋಟರ್ ಯಾವ್ದು?

ಅಳಿಯ: ಮಷಿನ್.

ಮಾಮಾ: ಮಷಿನ್ ಒಂದ್ ಮೋಟರ್ ಹೌದು. ಇನ್ನೊಂದ್ ಮೋಟರ್ ನಿಮ್ಮಪ್ಪನ ಎದೀನ. ಆಕ್ಸಿಜನ್ ಸಾಲದಾಂವ ಒಂದ ನಿಮಿಷಕ್ಕ 35, 40 ಸಲ ಉಸರಾಡ್ತಾನ. ಪಕ್ಕಲಬು ಒಳಗ ಜಗ್ಗತಾವು, ಕುತ್ತಿಗಿ ನರ ಉಬ್ಬತಾವು. ಹಂಗ ತಾನ ಜಗ್ಗಿ ಜಗ್ಗಿ ತನ್ನ ಫುಪ್ಪುಸಕ್ಕ ತಾನ ಗಾಯ ಮಾಡ್ಕೋತಾನ. ಮ್ಯಾಲ ಕೆಮ್ಮು. ಒಂದ್ ಜೋರಿನ ಕೆಮ್ಮಿನಾಗ ಎದಿಯೊಳಗ ಏಳೂ ಒತ್ತಡ ಬೈಪ್ಯಾಪ್ ಕೊಡೂದಕ್ಕಿಂತ ಭಾಳ ಹೆಚ್ಚು. ಮಷಿನ್ ಮಾರಿ ಕಾಣದವರಿಗೂ ಒಡದೈತಿ. ದವಾಖಾನಿಗೆ ಬರೂ ಹೊತ್ತಿಗೇ ಒಡಕೊಂಡ ಬಂದವರ ಫಿಲ್ಮ್ ನಾ ಕೈಯಾರೆ ತಗದೀನಿ. ಅಥಣಿ, ಕುಡಚಿ, ರಾಯಬಾಗ, ಜತ್ತ, ಎಲ್ಲಾ ಕಡೆಯವರೂ ಮಿರಜಿಗೇ ಬರ್ತಾರಲ್ಲ.

ಅಳಿಯ: ಹಂಗ ಎಷ್ಟ ಮಂದಿಗೆ ಆಗಿರಬೇಕ್ರಿ?

ಮಾಮಾ: ದವಾಖಾನ್ಯಾಗ ಅಡ್ಮಿಟ್ ಆದ ಕೋವಿಡ್ ರೋಗಿಗಳೊಳಗ ನೂರಕ್ಕ ಒಬ್ಬರ ಆಸುಪಾಸು, ಇದು ಬ್ರಿಟನ್‌ದವರು ಲಕ್ಷಕ್ಕೂ ಮಿಕ್ಕಿ ರೋಗಿಗಳದ್ದು ನೋಡಿ ಹೇಳಿದ ಲೆಕ್ಕಾ. ನಳಿಗಿ ಇಳಿಸಿ ವೆಂಟಿಲೇಟರ್ ಮ್ಯಾಲ ಇದ್ದವರಿಗೆ ಭಾಳ ಹೆಚ್ಚು. ನ್ಯೂಯಾರ್ಕಿನದೊಂದು ಲೆಕ್ಕಾ ನಮ್ಮ ಚೆಸ್ಟ್ ಡಾಕ್ಟರು ಮೊಬೈಲ್‌ನಾಗ ತೋರಿಸಿದ್ರು, ನನ್ನ ತಲ್ಯಾಗ ಕುಂತ ಬಿಟ್ಟೈತಿ. 2020ರಾಗ ಕೋವಿಡ್ ಆಗಿ ವೆಂಟಿಲೇಟರ್ ಮ್ಯಾಲ ಇದ್ದ 601 ಮಂದಿಯೊಳಗ 89 ಮಂದಿಗೆ ಹವಾ ಸೋರಿತ್ತು, ನೂರಕ್ಕ 15. ಅದ ಹೊತ್ತಿನಾಗ ಅಲ್ಲೇ ಬ್ಯಾರೆ ರೋಗಕ್ಕ ವೆಂಟಿಲೇಟರ್ ಮ್ಯಾಲ 196 ಮಂದಿ ಇದ್ರು. ಅವರೊಳಗ ಎಷ್ಟ ಮಂದಿಗೆ ಸೋರಿರಬೇಕು?

ಅಳಿಯ: ಇಪ್ಪತ್ತ? ಇಪ್ಪತ್ತೈದು?

ಮಾಮಾ: ಒಬ್ಬರಿಗೆ.

ಅಳಿಯ: ಒಬ್ಬರಿಗ?

ಮಾಮಾ: ಒಬ್ಬರಿಗೆ. ಮಷಿನ್ ಅವ, ಡಾಕ್ಟರು ಅವರ. ಬ್ಯಾರೆ ಇದ್ದದ್ದು ಫುಪ್ಪುಸ. ಸಂತ್ಯಾಗ ಮತ್ತ ಯಾರರೆ ಕೇಳಿದ್ರ ಇದನ್ನ ಹೇಳು.

ತಾಯಿ: (ಒಳಗಿನಿಂದ ಚಹಾ ತಂದು) ಹಂಗಾರ ಮಷಿನ್‌ದು ತಪ್ಪ ಇಲ್ಲ ಅಂತೀಯೇನು ತಮ್ಮಾ?

ಮಾಮಾ: ಹಂಗ ಅಂದಿಲ್ಲಕ್ಕ. ಮಷಿನ್ನಿನ ತಪ್ಪು ಡಾಕ್ಟರೇ ಹಿಡದಾರ. ಮೊದಲ ವೆಂಟಿಲೇಟರ್ ಮ್ಯಾಲ ಒಂದ್ ಉಸರಿಗೆ ಭಾಳ ಹವಾ ಬಿಡ್ತಿದ್ರು. ರಕ್ತದಾಗ ಲೆಕ್ಕಾ ಚಂದ ಕಾಣತಿತ್ತು, ರೋಗಿ ಸಾಯ್ತಿದ್ದ. 2000ನೇ ಇಸ್ವಿಯೊಳಗ ಅಮೆರಿಕದಾಗ 861 ರೋಗಿಗಳನ್ನ ಎರಡ ಗುಂಪು ಮಾಡಿ ನೋಡಿದ್ರು. ಒಂದ್ ಗುಂಪಿಗೆ ಹಳೇ ಪದ್ಧತಿ, ಒಂದ್ ಕಿಲೋ ತೂಕಕ್ಕ 12 ಮಿಲಿ ಹವಾ. ಇನ್ನೊಂದಕ್ಕ 6 ಮಿಲಿ. ತೂಕ ಅಂದ್ರ ತಕ್ಕಡೀದಲ್ಲ, ಎತ್ತರ ನೋಡಿ ಕಟ್ಟೂ ತೂಕ. ಫುಪ್ಪುಸ ಹೊಟ್ಟಿ ಬಂದ್ರ ದೊಡ್ಡದಾಗೂದಿಲ್ಲಲ್ಲ. ಹಳೇ ಪದ್ಧತಿಯೊಳಗ ನೂರಕ್ಕ 40 ಮಂದಿ ಸತ್ರು, ಕಡಿಮಿ ಹವಾದಾಗ 31. ಔಷಧ ಒಂದ್ ಹನಿ ಬದಲ ಮಾಡಿರಲಿಲ್ಲ, ಹವಾ ಅಷ್ಟ ಕಡಿಮಿ ಮಾಡಿದ್ರು. ಆವತ್ತಿನಿಂದ ಎಲ್ಲಾ ಕಡೆ ಅದ ನೇಮ.

ತಾಯಿ: ನಮ್ಮ ಕಡೇನೂ?

ಮಾಮಾ: ನೇಮ ಎಲ್ಲಾ ಕಡೆ ಐತಿ. 2021ರ ಮೇ ತಿಂಗಳಾಗ ಅದನ್ನ ಪಾಳಿಸೂ ಕೈ ಎಷ್ಟಿದ್ದುವು ಅಂತ ಕೇಳಿದ್ರ ಬ್ಯಾರೆ ಮಾತು. ಹಿಂದಿನ ವರ್ಷ ಮಾರ್ಚ್‌ನಾಗ ಇಸ್ಲಾಂಪುರದ ಒಂದ ಮನಿತನದ ಸುತ್ತ ಇಪ್ಪತ್ತಕ್ಕೂ ಮಿಕ್ಕಿ ಮಂದಿಗೆ ಹತ್ತಿ, ಮಿರಜಿನ ಸರಕಾರಿ ದವಾಖಾನಿಗೆ ತಂದಾಗ ಒಬ್ಬೊಬ್ಬ ರೋಗಿಗೂ ಒಂದೊಂದು ದಂಡು ನಿಂತಿತ್ತು. ಎರಡನೇ ಅಲಿಯೊಳಗ ಆ ದಂಡು ಅದ, ರೋಗಿಗಳು ಮಾತ್ರ ಹಾಸಿಗಿ ಸಿಗದ ರಿಕ್ಷಾದಾಗ ಕುಂತಿದ್ರು. ಬೈಪ್ಯಾಪ್ ಮಾಸ್ಕ್ ಸಡಲಾದ್ರ ಬಿಗಿ ಮಾಡಾಕ, ಒತ್ತಡ ತಾಸಿಗೊಮ್ಮೆ ನೋಡಾಕ ಕಣ್ಣು ಬೇಕು. ಒಬ್ಬ ಸಿಸ್ಟರ್ ಎಷ್ಟ ಹಾಸಿಗಿ ನೋಡ್ತಾಳ?

ಅಳಿಯ: ಅದಕ್ಕ ನಾ ಸಿಸ್ಟರಿಗೆ ಒಂದ್ ಮಾತೂ ಅಂದಿಲ್ರಿ. ಆದ್ರ ಸಹಿ ತಗೋಳೂ ಮುಂದ ಇಂಥಾದ್ದೊಂದು ಆಗಬಹುದು ಅಂತ ಒಂದ್ ಮಾತು ಹೇಳಬೇಕಿತ್ತಿಲ್ಲೋ?

ಮಾಮಾ: ಹೇಳಬೇಕಿತ್ತು. ಅದಕ್ಕ ನನ್ನ ಹಂತ್ಯಾಕ ಸಮಜಾಯಿಷಿ ಇಲ್ಲ. ಪುರುಸೊತ್ತಿರಲಿಲ್ಲ ಅಂತಾರ, ಸಹಿ ತಗೋಳಾಕ ಪುರುಸೊತ್ತಿತ್ತಲ್ಲ? "ಇವರ ಫುಪ್ಪುಸ ಈಗ ಒಣಗಿದ ಎಲಿ ಆಗೈತಿ, ಮಷಿನ್ ಹಚ್ಚಿದ್ರೂ ಹರೀಬಹುದು, ಹಚ್ಚದಿದ್ರೂ ಹರೀಬಹುದು, ಹಚ್ಚದಿದ್ರ ಇವತ್ತ ರಾತ್ರಿ ದಾಟೂದು ಕಷ್ಟ." ಇಷ್ಟ ಹೇಳಾಕ ಒಂದ್ ನಿಮಿಷ ಬೇಕಾಗಿಲ್ಲ. ಹೇಳಿದ್ರ ಸಂತಿ ಮಾತು ಹುಟ್ಟತಿರಲಿಲ್ಲ, ನೀ ಇಷ್ಟ ವರ್ಷ ಆ ಸಹಿ ಹೊತ್ತಕೊಂಡ ತಿರಗತಿರಲಿಲ್ಲ.

ಅಳಿಯ: ಇನ್ನೊಂದ್ ಮಾತ ಕೇಳ್ತೀನ್ರಿ. ಅಪ್ಪನ ಕುತ್ತಿಗಿ ಬಾತಿತ್ತು. ವಿಡಿಯೋ ಕಾಲ್‌ನಾಗ ಗುರ್ತ ಸಿಗಲಿಲ್ಲ. ಆಮ್ಯಾಲ ವಾರ್ಡಿಗೆ ತಂದಾಗ ಮುಟ್ಟಿ ನೋಡಿದ್ನಿ, ಚರ್ಮದ ಕೆಳಗ ಚರಚರ ಅಂತಿತ್ತು. ನಂಜ ಏರೈತಿ ಅಂತ ಅವ್ವ ಅತ್ತಳು.

ಮಾಮಾ: ಅದು ಹವಾ. ಕೋಣಿ ಹರಿದಾಗ ಹವಾ ಯಾವಾಗ್ಲೂ ಹೊರ ಪದರು ದಾಟಿ ಎದಿ ಗೂಡಿಗೇ ಬರಬೇಕಂತಿಲ್ಲ. ರಕ್ತನಾಳದ ಸುತ್ತಿನ ಪೊರಿ ಹಿಡದು ಹಿಂದಕ್ಕ ಹರದು, ಎರಡೂ ಫುಪ್ಪುಸದ ನಡಕಿನ ಜಾಗಾಕ್ಕ ಬರತೈತಿ, ಅಲ್ಲಿಂದ ಮ್ಯಾಲೇರಿ ಕುತ್ತಿಗಿ ಚರ್ಮದ ಕೆಳಗ. ಕೆನಡಾದ ಮ್ಯಾಕ್ಲಿನ್ ಅನ್ನೂ ಗಂಡ ಹೆಂಡತಿ ಇಬ್ಬರೂ ಡಾಕ್ಟರು, 1944ರಾಗ ಈ ದಾರಿ ಬರದಿಟ್ರು. ಸಿ.ಟಿ. ಇರದ ಕಾಲ ಅದು. ನೋಡಾಕ ಅಂಜಿಕಿ ಬರತೈತಿ, ಆದ್ರ ಭಾಳ ಸಲ ಆ ಬಾವು ತಾನ ಇಳೀತೈತಿ.

ಅಳಿಯ: ಅಂದ್ರ ಈ ರೋಗ ಕರೋನಾಕ್ಕಿಂತ ಮೊದಲೂ ಇತ್ತು?

ಮಾಮಾ: 1918ರ ಇನ್‌ಫ್ಲುಯೆಂಜಾದಾಗ ಅಮೆರಿಕದ ದಂಡಿನ ಶಿಬಿರದ ಡಾಕ್ಟರು ಇದನ್ನ ಕಂಡಾರ, ನ್ಯುಮೋನಿಯಾ ಆದ ಸಿಪಾಯಿಗಳ ಕುತ್ತಿಗಿಯೊಳಗ ಹವಾ. ಅದ ಹೊತ್ತಿನಾಗ ಇನ್ನೊಂದ್ ಪಾಠ ಕಲತ್ರು, ಅದು ನಿಮ್ಮಪ್ಪನ ನಳಿಗಿಗೆ ಹಚ್ಚಿದ್ದ ನೀರಿನ ಬಾಟ್ಲಿಗೆ ಸಂಬಂಧ ಇದ್ದದ್ದು. ನ್ಯುಮೋನಿಯಾದ ಹಿಂದ ಎದಿಯೊಳಗ ಕೀವು ತುಂಬತಿತ್ತು. ಸರ್ಜನ್ನರು ಅವಸರಾ ಮಾಡಿ ಎದಿ ಕೊಯ್ದು ಕೀವು ಬಿಡ್ತಿದ್ರು. ಕೊಯ್ದ ಕಂಡಿಯಿಂದ ಹೊರಗಿನ ಹವಾ ಒಳಗ ನುಗ್ಗಿ ಫುಪ್ಪುಸ ಕುಸೀತಿತ್ತು. ನೂರಕ್ಕ 30 ಮಂದಿ ಸಾಯ್ತಿದ್ರು. ಇವಾರ್ಟ್ಸ್ ಗ್ರಹಾಂ ಅನ್ನೂ ಸರ್ಜನ್ ಇದ್ದ ಕಮಿಷನ್ ಕುಂತು, ಮೊದಮೊದಲ ಎದಿ ತೆರೀಬ್ಯಾಡ್ರಿ, ಹವಾ ಹೊಗದಂಗ ನಳಿಗಿಯಿಂದ ಹೊರಗ ತಗೀರಿ ಅಂತ ಹೇಳ್ತು. ಸಾವು ನೂರಕ್ಕ ಐದರ ಒಳಗ ಬಂತು.

ಅಳಿಯ: ನೀರಿನ ಬಾಟ್ಲಿ ಅವರ ಕಂಡಹಿಡದದ್ದ?

ಮಾಮಾ: ಇಲ್ಲ, ಅದು ಇನ್ನೂ ಹಳೇದು. ಜರ್ಮನಿಯ ಹ್ಯಾಂಬರ್ಗಿನ ಬ್ಯೂಲಾವ್ ಅನ್ನೂ ಡಾಕ್ಟರು 1870ರ ದಶಕದಾಗ ಮಾಡಿದ್ದು. ನಳಿಗಿಯ ಒಂದ್ ತುದಿ ಎದಿಯೊಳಗ, ಇನ್ನೊಂದ್ ತುದಿ ಬಾಟ್ಲಿ ನೀರಿನಾಗ ಎರಡ ಸೆಂಟಿಮೀಟರ್ ಮುಳುಗಿರಬೇಕು, ಅಷ್ಟ. ಉಸರ ಬಿಟ್ಟಾಗ, ಕೆಮ್ಮಿದಾಗ ಹವಾ ನೀರಿನಾಗಿಂದ ಗುಳ್ಳಿ ಆಗಿ ಹೊರಗ ಹೋಗತೈತಿ. ಉಸರ ಜಗ್ಗಿದಾಗ ನೀರು ನಳಿಗಿಯೊಳಗ ಚೂರ ಮ್ಯಾಲೇರತೈತಿ, ಹವಾ ಹಿಂದಕ್ಕ ಬರಾಕ ಬಿಡೂದಿಲ್ಲ. ಕರೆಂಟ್ ಬ್ಯಾಡ, ಮೋಟರ್ ಬ್ಯಾಡ. ನೂರೈವತ್ತು ವರ್ಷದಾಗ ಇದಕ್ಕಿಂತ ಚಲೋದ್ದು ಇಷ್ಟ ಸೋವಿಯೊಳಗ ಯಾರೂ ಮಾಡಿಲ್ಲ.

ಅಳಿಯ: ನನಗ ಆ ಗುಳ್ಳಿ ನೋಡಿದ್ರ ಕೈಕಾಲು ಥಂಡ ಆಗತಿದ್ದುವು. ಜೀವಾನ ಗುಳುಗುಳು ಹೊಂಟೈತಿ ಅನಸ್ತಿತ್ತು. ಒಂದಿನ ಗುಳ್ಳಿ ನಿಂತ್ವು, ಖುಷಿ ಆತು.

ಮಾಮಾ: ಗುಳ್ಳಿ ಬರೂದು ಕೆಟ್ಟ ಹವಾ ಹೊರಗ ಹೋಗೂದು. ನಿಂತ್ರ ಎರಡ ಅರ್ಥ. ನೀರು ಉಸರಿನ ಕೂಡ ಮ್ಯಾಲ ಕೆಳಗ ಆಡತಿದ್ರ ತೂತು ಮುಚ್ಚೈತಿ, ಚಲೋ ಆತು. ನೀರೂ ಆಡದ ನಿಂತ್ರ ನಳಿಗಿ ಕಟ್ಟೈತಿ ಇಲ್ಲಾ ಮಡಚೈತಿ, ಸಿಸ್ಟರಿಗೆ ಹೇಳಬೇಕು. ಇಲ್ಲಾ ಫುಪ್ಪುಸ ಪೂರ್ತಿ ಹಿಗ್ಗಿ ನಳಿಗೀನ ಒತ್ತಿರಬಹುದು, ಅದನ್ನ ಎಕ್ಸ್‌ರೇ ಹೇಳತೈತಿ. ನನಗ ಸಿಟ್ಟ ಬರಿಸಿದ್ದು ಬ್ಯಾರೆ. ವಾರ್ಡ್‌ಬಾಯ್ ಸ್ಟ್ರೆಚರ್ ನೂಕ್ಕೋತ ಬರಾಂವ, ಬಾಟ್ಲಿ ರೋಗಿ ಹೊಟ್ಟಿ ಮ್ಯಾಲ! ಬಾಟ್ಲಿ ಎದಿಗಿಂತ ಕೆಳಗ ಇರಬೇಕು, ಮ್ಯಾಲೆತ್ತಿದ್ರ ನೀರು ಎದಿಯೊಳಗ ಹೋಗತೈತಿ. ಇನ್ನ ಕೆಲವರು ಭಾಳ ಶ್ಯಾಣ್ಯಾ, ಸಾಗಿಸೂ ಮುಂದ ನಳಿಗಿಗೆ ಚಿಮಟಾ ಹಾಕಾವ್ರು. ಗುಳ್ಳಿ ಬರೂ ನಳಿಗಿ ಕಟ್ಟಿದ್ರ ಹವಾ ಎಲ್ಲಿ ಹೋಗಬೇಕು? ಒಳಗ ಒತ್ತಡ ಏರಿ, ಹೃದಯಾನ ಆ ಕಡೆ ತಳ್ಳತೈತಿ, ರಕ್ತ ತಿರುಗಿ ಬರೂದು ನಿಲ್ಲತೈತಿ. ಅದು ಆತು ಅಂದ್ರ ಎಕ್ಸ್‌ರೇಗೂ ಕಾಯೂಹಂಗಿಲ್ಲ, ಡಾಕ್ಟರು ಆ ಹೊತ್ತಿಗೆ ದಪ್ಪ ಸೂಜಿ ಚುಚ್ಚಿ ಹವಾ ಬಿಡಬೇಕು.

ತಾಯಿ: ಇವರಿಗೆ ಬಗಲಿನ ಕೆಳಗ ಹಾಕಿದ್ರು ನಳಿಗಿ. ಅಲ್ಲೆ ಯಾಕ?

ಮಾಮಾ: ಅಲ್ಲಿ ಮಾಂಸ ತೆಳ್ಳಗ, ದೊಡ್ಡ ರಕ್ತನಾಳ ಇಲ್ಲ. ಎಲ್ಲಾರಿಗೂ ನಳಿಗಿ ಬೇಕಾಗೂದಿಲ್ಲಕ್ಕ. ಸಣ್ಣ ಪ್ರಮಾಣದಾಗ ಇದ್ದು ಉಸರ ಆರಾಮ ಇದ್ರ ಆಕ್ಸಿಜನ್ ಹಚ್ಚಿ ಕಾಯ್ತಾರ. ಹವಾ ದಿನಕ್ಕ ನೂರಕ್ಕ ಒಂದೆರಡ ಪಾಲು ಮೈಯೊಳಗ ತಾನ ಇಂಗತೈತಿ, ಆಕ್ಸಿಜನ್ ಹಚ್ಚಿದ್ರ ಇನ್ನೂ ಲಗೂನ. ಇವರದ್ದು ಅರ್ಧಕ್ಕಿಂತ ಹೆಚ್ಚ ಕುಸಿದಿತ್ತು.

ಅಳಿಯ: ಮತ್ತ ಅಷ್ಟ ದಿನ ಯಾಕ ಇಟ್ರು? ಮಗ್ಗಲದ ಹಾಸಿಗ್ಯಾಗ ಎಮ್ಮಿ ಹಾಯ್ದ ಒಬ್ಬ ಹುಡುಗ ಇದ್ದ, ಅವನ ನಳಿಗಿ ನಾಕ ದಿನದಾಗ ತಗದ್ರು.

ಮಾಮಾ: ಅವನ ಫುಪ್ಪುಸ ಹಸೀದು, ತೂತಿಗೆ ಲಗೂನ ಹಕ್ಕಳಿ ಬಂತು. ಇವರದ್ದು ರೋಗ ತಿಂದ ಫುಪ್ಪುಸ, ಮ್ಯಾಲ ಸ್ಟಿರಾಯ್ಡ್. ಸ್ಟಿರಾಯ್ಡ್ ಜೀವ ಉಳಿಸ್ತು, 2020ರ ಜೂನ್‌ನಾಗ ಬ್ರಿಟನ್ನಿನವರು ಅದನ್ನ ಸಿದ್ಧ ಮಾಡಿ ತೋರಿಸಿದ್ರು, ವೆಂಟಿಲೇಟರ್ ಮ್ಯಾಲ ಇದ್ದವರ ಸಾವು ಮೂರರಾಗ ಒಂದ್ ಪಾಲು ಕಡಿಮಿ ಆತು. ಆದ್ರ ಗಾಯ ಮಾಯೂದನ್ನ ಅದ ತಡಾ ಮಾಡತೈತಿ.

ಅಳಿಯ: ಕುಸಿದ ಫುಪ್ಪುಸ ಅಂದ್ರ ಮುಗೀತು ಅಂತ ನಾವೆಲ್ಲಾ ತಿಳಿದಿದ್ವಿ.

ಮಾಮಾ: ಬ್ರಿಟನ್ನಿನ 16 ದವಾಖಾನಿಯೊಳಗ ಕೋವಿಡ್ ಕೂಡ ಹಿಂಗ ಹವಾ ಸೋರಿದವರದ್ದು ಒಂದ್ ಲೆಕ್ಕಾ ಐತಿ. ಫುಪ್ಪುಸ ಕುಸಿದವರೊಳಗ 28 ದಿನದ ಮ್ಯಾಲ ನೂರಕ್ಕ 63 ಮಂದಿ ಬದುಕಿದ್ರು. 70 ದಾಟಿದವರಿಗೆ ಕಷ್ಟಾತು. ಇನ್ನೊಂದ್ ಮಾತು ಹೇಳಿದ್ರ ನೀ ನಗ್ತಿ. ಇದ ಮಿರಜ-ಸಾಂಗಲಿ ದಾರ್ಯಾಗ ವಾನ್ಲೆಸ್‌ವಾಡಿ ಐತಲ್ಲ? ಕೆನಡಾದಿಂದ ಬಂದ ಡಾಕ್ಟರ್ ವಾನ್ಲೆಸ್, 1894ರಾಗ ಮಿರಜಿನಾಗ ದವಾಖಾನಿ ತೆರದ್ರು. ಮುಂದ ಅವರ ಹೆಸರಿನ ವಾಡಿಯೊಳಗ ಕ್ಷಯದವರಿಗೆ ಸ್ಯಾನಟೋರಿಯಂ ಆತು. ಆ ಕಾಲದಾಗ ಜಗತ್ತಿನ ಸ್ಯಾನಟೋರಿಯಂಗಳೊಳಗ ಕ್ಷಯಕ್ಕ ದೊಡ್ಡ ಉಪಚಾರ ಏನು ಗೊತ್ತೇನು? ಫುಪ್ಪುಸ ಬೇಕಂತ ಕುಸಿಸೂದು.

ಅಳಿಯ: ಏನಂದ್ರಿ?

ಮಾಮಾ: ಖರೇನ. ಇಟಲಿಯ ಫೊರ್ಲಾನಿನಿ ಅನ್ನೂ ಡಾಕ್ಟರು 1882ರಾಗ ಈ ವಿಚಾರ ಮುಂದಿಟ್ರು, 1888ರಾಗ ಮಾಡಿ ನೋಡಿದ್ರು. ಎದಿಯೊಳಗ ಸೂಜಿ ಹಾಕಿ, ಎರಡ ಪದರಿನ ನಡಕ ಹವಾ ಬಿಡೂದು. ಆ ಕಡಿಯ ಫುಪ್ಪುಸ ಮುದುಡಿ ವಿಶ್ರಾಂತಿ ತಗೋತೈತಿ, ಕ್ಷಯದ ಕುಣಿ ಮುಚ್ಚತೈತಿ ಅನ್ನೂ ಲೆಕ್ಕಾ. ಹವಾ ಇಂಗತಿತ್ತು, ಮತ್ತ ತುಂಬಿಸಾಕ ವಾರಕ್ಕೊಮ್ಮೆ, ಹದಿನೈದು ದಿನಕ್ಕೊಮ್ಮೆ ಹೋಗಬೇಕು. ವರ್ಷಗಟ್ಟಲೆ. ಒಂದ ಫುಪ್ಪುಸದ ಮ್ಯಾಲ ಮಂದಿ ಓಡಾಡ್ತಿದ್ರು, ಮದಿವಿ ಮಾಡ್ಕೋತಿದ್ರು. ಸ್ಟ್ರೆಪ್ಟೊಮೈಸಿನ್, ಆಮ್ಯಾಲ 1952ರಾಗ ಐಸೊನಿಯಾಜಿಡ್ ಬಂತು. ಗುಳಿಗಿ ತಗೊಂಡು ಮನ್ಯಾಗ ಇದ್ರೂ ಸ್ಯಾನಟೋರಿಯಂನಷ್ಟ ಗುಣ ಆಗತೈತಿ ಅಂತ ಮದ್ರಾಸಿನ ಕ್ಷಯ ಕೇಂದ್ರದವರು 1959ರಾಗ ಸಿದ್ಧ ಮಾಡಿದ್ರು, ಆ ಆಟ ಎಲ್ಲಾ ಮುಗೀತು.

ಅಳಿಯ: ಅವರು ಬೇಕಂತ ಕುಸಿಸಿದ್ರೂ ಬದುಕಿದ್ರು. ಅಪ್ಪಗ ಯಾಕ ಜೀವಕ್ಕ ಬಂತು?

ಮಾಮಾ: ಅವರ ಇನ್ನೊಂದ್ ಕಡಿ ಚಲೋ ಇತ್ತು, ಹವಾನೂ ಅಳತಿ ಮಾಡಿ ಬಿಡ್ತಿದ್ರು. ನಿಮ್ಮಪ್ಪನ ಎರಡೂ ಕಡಿ ರೋಗ ಹಿಡದಿತ್ತು. ಇದ್ದದ್ದರಾಗ ಅರ್ಧಾ ಹೋದ್ರ ಉಳಿದದ್ದೆಷ್ಟು? ಅದಕ್ಕ ಈ ನ್ಯುಮೋನಿಯಾದಾಗ ಕುಸಿದ ಫುಪ್ಪುಸ ಸಣ್ಣದಿದ್ರೂ ದೊಡ್ಡದು. ಜ್ವರ ಬಿಡ್ತು, ಗಂಜಿ ಕುಡದ್ರು ಅಂತ ಮೈ ಮರಿಬಾರದು. ಎರಡನೇ, ಮೂರನೇ ವಾರದಾಗ ಕೋಣಿ ಗ್ವಾಡಿ ಒಣಗಿ ಬಿಗೀತಿರತಾವು, ಕೆಲವು ಕಡೆ ಗುಳ್ಳಿ ಕಟ್ಟತಾವು. ಮನಿಗೆ ಬಂದ ಮ್ಯಾಲ ಒಡದವರೂ ಅದಾರ. ಒಮ್ಮೆಲೆ ಒಂದ ಕಡೆ ನೋವು, ಒಮ್ಮೆಲೆ ಉಸರ ಕಡಿಮಿ, ಇವೆರಡು ಕೂಡಿದ್ರ ಗ್ಯಾಸ್ ಅಂತ ಇನೋ ಕುಡದ ಮಲಗೂದಲ್ಲ, ಆ ಹೊತ್ತಿಗೆ ಗಾಡಿ ತಗೊಂಡು ಮಿರಜಿಗೆ ಹೋಗೂದು.

ತಾಯಿ: ಅದನ್ನ ಕೇಳಬೇಕಂತ ಮಾಡಿದ್ದೆ. ಮಗಳು ಬೆಂಗಳೂರಿಂದ ಫೋನ್ ಹಚ್ಚತಾಳ, ಅಪ್ಪನ್ನ ಸಾಂಬ್ರಾದಿಂದ ವಿಮಾನದಾಗ ಕಳಸ್ರಿ ಅಂತ. ಇವರೂ ಕುಣೀತಾರ. ವಿಮಾನದಾಗ ಎದಿ ಒಡೀತೈತಿ ಅಂತ ನಮ್ಮ ಓಣ್ಯಾಗ ಹೇಳ್ತಾರ.

ಮಾಮಾ: ಆ ಮಾತಿನಾಗ ಚೂರ ಹುರುಳೈತಿ. ವಿಮಾನ ಮ್ಯಾಲ ಹೋದಾಗ ಒಳಗಿನ ಹವಾದ ಒತ್ತಡ ಆರೇಳ ಸಾವಿರ ಅಡಿ ಗುಡ್ಡದ ಮ್ಯಾಲ ಇದ್ದಂಗ ಕಡಿಮಿ ಆಗತೈತಿ. ಎದಿಯೊಳಗ ಸಿಕ್ಕ ಹವಾ ಇದ್ರ ಅದು ಕಾಲು ಪಾಲಿಗಿಂತ ಹೆಚ್ಚ ಹಿಗ್ಗತೈತಿ. ಅದಕ್ಕ ಫುಪ್ಪುಸ ಕುಸಿದವರು ಪೂರ್ತಿ ಹಿಗ್ಗಿದ್ದು ಎಕ್ಸ್‌ರೇದಾಗ ಖಾತ್ರಿ ಆದ ಮ್ಯಾಲ ಇನ್ನೂ ಒಂದ್ ವಾರ ವಿಮಾನ ಹತ್ತಬಾರದು ಅಂತ ನೇಮ. ಇವರದ್ದು ಆಗಿ ವರ್ಷಗಳಾದುವು, ನಡಕ ಹವಾ ಉಳಿದಿಲ್ಲ. ನನ್ನ ಚಿಂತಿ ಬ್ಯಾರೆ. ಇವರ ಎಡ ಫುಪ್ಪುಸದ ಕೆಳಗ ಒಂದ್ ದೊಡ್ಡ ಗುಳ್ಳಿ ಉಳಿದಿತ್ತು, ಕಡೀಕಿ ಫಿಲ್ಮಿನಾಗ ನಾನ ನೋಡೀನಿ. ಅದು ಹಂಗ ಐತೋ, ಸಣ್ಣದಾಗೈತೋ, ಚೆಸ್ಟ್ ಡಾಕ್ಟರಿಗೆ ತೋರಿಸಿ ಕೇಳ್ರಿ. ಅವರು ಹ್ಞೂಂ ಅಂದ್ರ ಹೋಗಲಿ. ಬ್ಯಾಡ ಅಂದ್ರ ಮಿರಜಿನಾಗ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿಸು, ಮುಂಜಾನಿ ಬೆಂಗಳೂರು. ಬೀಡಿ ಮಾತ್ರ ಎರಡರಾಗೂ ಇಲ್ಲ.

ಅಳಿಯ: ಬೀಡಿ ಬಿಟ್ಟೀನಿ ಅಂತಾನ್ರಿ.

ತಾಯಿ: ಎಲಿತೋಟದ ಹಿಂದ ಹೋಗಿ ನೋಡು, ಎಷ್ಟ ಬಿಟ್ಟಾರ ತಿಳೀತೈತಿ.

ಮಾಮಾ: ಇನ್ನೊಂದ್ ಮಾತು ಗಟ್ಟಿ ನೆನಪಿಡು. ಹಳೇ ಫಿಲ್ಮು, ಸಿ.ಟಿ. ಸಿ.ಡಿ. ಎಲ್ಲಾ ಕೂಡ ಕೊಟ್ಟ ಕಳಸ್ರಿ. ಬೆಂಗಳೂರಾಗ ಕೆಮ್ಮ ಬಂದು ಯಾವ್ದರೆ ದವಾಖಾನಿಗೆ ಹೋದ್ರ, ಅಲ್ಲಿ ಹೊಸಾ ಹುಡುಗ ಡಾಕ್ಟರು ಇರತಾನ. ಎಕ್ಸ್‌ರೇದಾಗ ಎಡಕ ಕರೇ ಜಾಗಾ, ಒಳಗ ಫುಪ್ಪುಸದ ಗೆರಿ ಇಲ್ಲ. ಫುಪ್ಪುಸ ಕುಸದೈತಿ ಅಂತ ನಳಿಗಿ ಹಾಕಾಕ ನಿಂದ್ರತಾನ. ಗುಳ್ಳಿಗೆ ನಳಿಗಿ ಚುಚ್ಚಿದ್ರ ಇಲ್ಲದ ತೂತು ಮಾಡಿದಂಗ ಆಗತೈತಿ. ಕುಸಿದ ಫುಪ್ಪುಸದ ಅಂಚಿನ ಗೆರಿ ಹೊರಗ ಉಬ್ಬಿರತೈತಿ, ಗುಳ್ಳಿಯ ಗೆರಿ ಒಳಗ ಬಾಗಿರತೈತಿ, ಹಳೇ ಕಣ್ಣಿಗೆ ಅದು ಗೊತ್ತಾಗತೈತಿ. ಮಲಗಿಸಿ ತಗದ ಎಕ್ಸ್‌ರೇ ಆದ್ರ ನಮ್ಮಂಥವರಿಗೂ ಮೋಸ ಆಗತೈತಿ, ಹವಾ ಎದಿ ಮುಂದಕ್ಕ ಬಂದು ಕುಂತಿರತೈತಿ, ಚರ್ಮದ ಮಡಚಿನ ಗೆರಿ ಕುಸಿದ ಫುಪ್ಪುಸದ ಅಂಚಿನಂಗ ಕಾಣತೈತಿ. ಹಳೇ ಫಿಲ್ಮ್ ಮಗ್ಗಲಿಗಿಟ್ಟ ನೋಡಿದ್ರ ಜಗಳ ಮುಗೀತು.

ಅಳಿಯ: ಅವ್ವಾ, ಆ ಫಿಲ್ಮ್ ಎಲ್ಲಿ ಅದಾವು?

ತಾಯಿ: ಟ್ರಂಕಿನಾಗ, ಹೊಲದ ಉತಾರಾ ಕೂಡ. ಆದ್ರ ಎರಡ ಅದಾವು ಅಷ್ಟ. ಉಳಿದದ್ದನ್ನ ನಿಮ್ಮಪ್ಪ ಗ್ರಹಣ ನೋಡಾಕ ಹುಡುಗರಿಗೆ ಕತ್ತರಿಸಿ ಕೊಟ್ಟಾರ.

ಮಾಮಾ: ಅಯ್ಯ ಶಿವನ! ಮೊದಲ ಆ ಫಿಲ್ಮಿನಾಗ ಗ್ರಹಣ ನೋಡಿದ ಹುಡುಗರ ಕಣ್ಣು ತೋರಸ್ರಿ. ಆಮ್ಯಾಲ ದವಾಖಾನಿಗೆ ಹೋಗಿ, ಕಂಪ್ಯೂಟರಿನಾಗ ಇದ್ರ ಇನ್ನೊಂದ್ ಪ್ರತಿ ಕೊಡ್ರಿ ಅಂತ ಕೇಳು. ಯಾವ ವರ್ಷ, ಯಾವ ತಿಂಗಳು ಅಂತ ಡಿಸ್ಚಾರ್ಜ್ ಕಾರ್ಡ್ ಒಯ್ದ್ರ ಲಗೂನ ಹುಡುಕತಾರ.